ಫ್ಲಾರೆನ್ಸ್‌ನಿಂದ ಒಂದು ದಿನ: ಗುಡ್ಡದ ಊರೋ, ದ್ರಾಕ್ಷಿ ತೋಟವೋ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಇಟಲಿಯ ಫ್ಲಾರೆನ್ಸ್‌ಗೆ ಹೋಗುತ್ತಿದ್ದೇವೆ. ಸಿಯೆನಾ, ಸ್ಯಾನ್ ಜಿಮಿನ್ಯಾನೊ, ಕಿಯಾಂಟಿಯ ವೈನ್ ತೋಟ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದೇ? ಬಾಡಿಗೆ ಕಾರು ಬೇಕೇ?
– ಓದುಗರು, ಮೈಸೂರು

ಉತ್ತರ: ಮೂರನ್ನೂ ಮುಟ್ಟಿ ಬರಬಹುದು, ನೋಡಿದಂತಾಗುವುದಿಲ್ಲ. ಹಿರಿಯರು ಜೊತೆಗಿರುವುದರಿಂದ ಸ್ಯಾನ್ ಜಿಮಿನ್ಯಾನೊ ಒಂದೇ ಸಾಕು. ಅಲ್ಲಿ ಊರೂ ವೈನೂ ಒಟ್ಟಿಗೇ ಇವೆ. ಸುತ್ತಲಿನ ಇಳಿಜಾರಿನಲ್ಲೇ ಬೆಳೆಯುವ ವೆರ್ನಾಚಾ ದ್ರಾಕ್ಷಿಯ ಬಿಳಿ ವೈನ್‌ಗೆ 1966ರಲ್ಲೇ ಮೂಲಸ್ಥಾನದ ಮಾನ್ಯತೆ (ಇದು ಇದೇ ಊರಿನದು ಎಂಬ ಅಧಿಕೃತ ಗುರುತು) ಸಿಕ್ಕಿದೆ. ಕೋಟೆಯೊಳಗಿನ ವೈನ್ ಅಂಗಡಿಗಳಲ್ಲಿ ಒಂದೇ ಗ್ಲಾಸ್ ಕೇಳಿದರೂ ಕೊಡುತ್ತಾರೆ.

ಈ ಊರಿಗೆ ರೈಲಿಲ್ಲ. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಿಂದ ಪೊಜಿಬೊನ್ಸಿಗೆ ಸುಮಾರು ಒಂದು ಗಂಟೆಯ ರೈಲು, ಅಲ್ಲಿಂದ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಕಾಗದದ ರೈಲು ಟಿಕೆಟ್ಟಾದರೆ ಹತ್ತುವ ಮುನ್ನ ಪ್ಲಾಟ್‌ಫಾರಂ ಬಳಿಯ ಯಂತ್ರದಲ್ಲಿ ಮುದ್ರೆ ಹಾಕಿಸಿ. ದುಡ್ಡು ಕೊಟ್ಟು ಕೊಂಡಿದ್ದರೂ ಮುದ್ರೆಯಿಲ್ಲದಿದ್ದರೆ ದಂಡ ಬೀಳುತ್ತದೆ. ಭಾನುವಾರ ಬಸ್ಸು ಕಡಿಮೆ; ಇಳಿದ ಕೂಡಲೇ ಮರಳುವ ಬಸ್ಸಿನ ಸಮಯ ನೋಡಿಟ್ಟುಕೊಳ್ಳಿ.

ಬಸ್ಸು ಇಳಿಸುವುದು ಸ್ಯಾನ್ ಜೊವಾನ್ನಿ ಬಾಗಿಲ ಹತ್ತಿರ. ಅಲ್ಲಿಂದ ಚಿಸ್ತೆರ್ನಾ ಚೌಕದವರೆಗೆ ಕಲ್ಲುಹಾಸಿನ ಏರುದಾರಿ. ಅಪ್ಪ ಅಮ್ಮನಿಗೆ ಹಿಡಿತವಿರುವ ಷೂ ಹಾಕಿಸಿ, ಚಪ್ಪಲಿ ಬೇಡ. ಸಿರಿವಂತ ಮನೆತನಗಳು ಪೈಪೋಟಿಯಲ್ಲಿ ಕಟ್ಟಿಸಿದ ಗೋಪುರಗಳಲ್ಲಿ ಉಳಿದಿರುವುದು 14. ಅವುಗಳಲ್ಲಿ 54 ಮೀಟರ್ ಎತ್ತರದ ತೊರ್ರೆ ಗ್ರೊಸ್ಸಾವನ್ನು ಹತ್ತಬಹುದು. ಮಂಡಿನೋವಿದ್ದವರು ಕೆಳಗೆ ಚೌಕದಲ್ಲೇ ಕೂತಿರಲಿ.

ಕಾರು ಬೇಡ. ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನ ವಾಹನ ನುಗ್ಗಿದರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ದಂಡದ ಕಾಗದ ತಿಂಗಳುಗಳ ನಂತರ ಮೈಸೂರಿನ ಮನೆಗೇ ಬರಬಹುದು, ಬಾಡಿಗೆ ಕಂಪನಿಯ ಶುಲ್ಕ ಬೇರೆ. ಅಲ್ಲದೆ, ವೈನ್ ರುಚಿ ನೋಡಿದವರು ಸ್ಟಿಯರಿಂಗ್ ಹಿಡಿಯಲೇಬಾರದು. ಕಿಯಾಂಟಿಯ ತೋಟಗಳನ್ನು ನೋಡಲೇಬೇಕೆಂದಿದ್ದರೆ ಇನ್ನೊಂದು ದಿನ ಚಾಲಕನಿರುವ ವಾಹನ ಗೊತ್ತುಮಾಡಿ, ತೋಟಕ್ಕೂ ಮೊದಲೇ ತಿಳಿಸಿ. ಸೆಪ್ಟೆಂಬರ್ ಕೊಯ್ಲಿನ ಕಾಲ, ಹೇಳದೆ ಹೋದವರನ್ನು ವಿಚಾರಿಸಲು ಅವರಿಗೆ ಪುರುಸೊತ್ತಿರುವುದಿಲ್ಲ.

ಪ್ರಶ್ನೆ: ಸಿಯೆನಾಗೆ ರೈಲೋ ಬಸ್ಸೋ? ಸಸ್ಯಾಹಾರ ಸಿಗುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಬಸ್ಸು. ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ, ಬಸ್ಸು ಹಳೆಯ ಊರಿನ ಪಕ್ಕಕ್ಕೇ ಬಿಡುತ್ತದೆ. ‘ರಾಪಿದಾ’ (ವೇಗದ) ಬಸ್ಸನ್ನೇ ಕೇಳಿ ಹತ್ತಿ, ಸುಮಾರು ಒಂದೂಕಾಲು ಗಂಟೆ. ಕುದುರೆ ಓಟ ನಡೆಯುವ ಜುಲೈ 2 ಮತ್ತು ಆಗಸ್ಟ್ 16ರಂದು ಊರು ನೋಡಲು ಹೋಗಬೇಡಿ, ಕಾಲಿಡಲು ಜಾಗವಿರುವುದಿಲ್ಲ.

ಊಟಕ್ಕೆ ಬೆಳ್ಳುಳ್ಳಿ, ಟೊಮೆಟೊ ಸಾರಿನ ದಪ್ಪ ಶಾವಿಗೆ ‘ಪೀಚಿ ಆಲ್ಯೋನೆ’ ಕೇಳಿ. ಬ್ರೆಡ್, ಬೀನ್ಸ್, ತರಕಾರಿಯ ‘ರಿಬೊಲ್ಲಿತಾ’ ಕೂಡ ಚೆನ್ನ, ಆದರೆ ಕೆಲವೆಡೆ ಅದಕ್ಕೆ ಮಾಂಸದ ರಸ ಬೆರೆಸುತ್ತಾರೆ. ‘ಸೆನ್ಸಾ ಕಾರ್ನೆ, ಸೆನ್ಸಾ ಬ್ರೊದೊ ದಿ ಕಾರ್ನೆ’ (ಮಾಂಸ ಬೇಡ, ಮಾಂಸದ ರಸವೂ ಬೇಡ) ಎಂದು ಮೊದಲೇ ಹೇಳಿ.