ಸತ್ತವರನ್ನು ಅಪ್ಪಿಕೊಳ್ಳಲು ಹೋದವರು

ಪಾಶ್ಚಾತ್ಯ ಸಾಹಿತ್ಯದ ಪರಲೋಕವನ್ನು ಅರಿಯಲು ಇಟಲಿಯ ಕವಿ ಡಾಂಟೆಯ ‘ಡಿವೈನ್ ಕಾಮೆಡಿ’ ಕಾವ್ಯದ ಮೊದಲ ಖಂಡವಾದ ನರಕವನ್ನು ಓದಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನರಕದ ಒಂಬತ್ತು ಸುತ್ತುಗಳು, ಅಲ್ಲಿನ ಶಿಕ್ಷೆಗಳು ಎಲ್ಲರ ಕಣ್ಣನ್ನೂ ಸೆಳೆಯುತ್ತವೆ, ನಿಜ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಬೇರೆಯೇ: ಬದುಕಿರುವವನೊಬ್ಬ ಅಲ್ಲಿಗೆ ಹೋಗಿ ತೀರಿಹೋದ ತನ್ನವರನ್ನು ಕಂಡಾಗ ಏನಾಗುತ್ತದೆ ಎಂಬುದು. ಅದಕ್ಕಾಗಿ ಡಾಂಟೆಗಿಂತ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ, ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ಯ 11ನೆಯ ಭಾಗಕ್ಕೆ ಹೋಗಬೇಕು.

ಟ್ರಾಯ್ ಯುದ್ಧ ಮುಗಿಸಿ ಮನೆ ಸೇರಲು ಅಲೆಯುತ್ತಿರುವ ಗ್ರೀಕ್ ವೀರ ಒಡಿಸಿಯಸ್ ಲೋಕದ ಅಂಚಿನಲ್ಲಿ ಒಂದು ಮೊಳದ ಗುಂಡಿ ತೋಡುತ್ತಾನೆ. ಜೇನು ಬೆರೆಸಿದ ಹಾಲು, ದ್ರಾಕ್ಷಾರಸ, ನೀರು ಎರೆದು, ಕುರಿಗಳನ್ನು ಕಡಿದು ರಕ್ತವನ್ನು ಅದರಲ್ಲಿ ಹರಿಸುತ್ತಾನೆ. ಸತ್ತವರ ನೆರಳುಗಳು ಮುತ್ತಿಕೊಳ್ಳುತ್ತವೆ. ಟಾಂಟಲಸ್, ಸಿಸಿಫಸರಂಥ ಕೆಲವರಿಗೆ ಅಲ್ಲಿಯೂ ಶಿಕ್ಷೆಯಿದೆ. ಆದರೆ ಹೆಚ್ಚಿನವರ ಪಾಪಪುಣ್ಯಗಳನ್ನು ಬರೆದಿಡುವ ಚಿತ್ರಗುಪ್ತ ಅಲ್ಲಿಲ್ಲ. ಆ ಜನರಲ್ಲಿ ಒಡಿಸಿಯಸನ ತಾಯಿಯೂ ಇದ್ದಾಳೆ. ಅವನು ಟ್ರಾಯ್ ಯುದ್ಧಕ್ಕೆ ಹೊರಟಾಗ ಬದುಕಿದ್ದವಳು. ಸತ್ತದ್ದೇ ಅವನಿಗೆ ಗೊತ್ತಿಲ್ಲ. ಕಣ್ಣೀರು ಬಂದರೂ, ಸತ್ತವರಲ್ಲೊಬ್ಬನಾದ ಕಾಲಜ್ಞಾನಿ ಟೈರೀಸಿಯಸನಿಂದ ಭವಿಷ್ಯ ಕೇಳುವವರೆಗೆ ಕತ್ತಿ ಹಿಡಿದು ಅವಳನ್ನು ರಕ್ತದಿಂದ ದೂರವಿಡುತ್ತಾನೆ. ಆಮೇಲೆ ರಕ್ತ ಕುಡಿದ ತಾಯಿ ಮಗನ ಗುರುತು ಹಿಡಿಯುತ್ತಾಳೆ. ನಿನ್ನ ಹಂಬಲವೇ ನನ್ನ ಜೀವ ತೆಗೆಯಿತು ಎನ್ನುತ್ತಾಳೆ. ಅವನು ಮೂರು ಬಾರಿ ತಬ್ಬಿಕೊಳ್ಳಲು ಹೋಗುತ್ತಾನೆ. ಮೂರು ಬಾರಿಯೂ ನೆರಳಿನಂತೆ, ಕನಸಿನಂತೆ ನುಸುಳಿಹೋಗುತ್ತಾಳೆ.

ಅದೇ ಭಾಗದಲ್ಲಿ, ಟ್ರಾಯ್ ಯುದ್ಧದಲ್ಲಿ ಮಡಿದ ಗ್ರೀಕ್ ವೀರ ಅಕಿಲೀಸ್, ಸತ್ತವರಿಗೆಲ್ಲ ಅರಸನಾಗುವುದಕ್ಕಿಂತ ಬಡ ರೈತನ ಮನೆಯಲ್ಲಿ ಕೂಲಿಯಾಳಾಗಿ ಬದುಕುವುದೇ ಮೇಲು ಎನ್ನುತ್ತಾನೆ. ಹಾಗೆಂದವನು ಮಗನ ಪರಾಕ್ರಮದ ಸುದ್ದಿ ಕೇಳಿದ ಕೂಡಲೇ ಸಂತೋಷದಿಂದ ದಾಪುಗಾಲು ಹಾಕುತ್ತಾ ಹೋಗುತ್ತಾನೆ. ಗ್ರೀಕರ ಸಾವಿನ ಕಲ್ಪನೆಯ ಬಗ್ಗೆ ಎಷ್ಟು ಪುಸ್ತಕ ಓದಿದರೂ ಈ ಸಾಲುಗಳಷ್ಟು ತಿಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ರಿ.ಪೂ. 19ರಲ್ಲಿ ತೀರಿಕೊಂಡ ರೋಮನ್ ಕವಿ ವರ್ಜಿಲ್ ಈ ಪ್ರಸಂಗವನ್ನು ‘ಈನಿಯಡ್’ನ 6ನೆಯ ಭಾಗಕ್ಕೆ ತಂದುಕೊಂಡ. ಅಲ್ಲಿ ಟ್ರಾಯ್‌ನಿಂದ ಪಾರಾಗಿ ಬಂದ ವೀರ ಈನಿಯಸ್ ತೀರಿಹೋದ ತಂದೆಯನ್ನು ಮೂರು ಬಾರಿ ಅಪ್ಪಲು ಹೋಗುತ್ತಾನೆ. ಕೈಗೆ ಸಿಗುವುದು ಗಾಳಿ. ಟ್ರಾಯ್ ಉರಿದ ರಾತ್ರಿ ಹೆಂಡತಿಯ ನೆರಳನ್ನು ಅಪ್ಪಲು ಹೋದಾಗ ಬಳಸಿದ್ದ ಸಾಲುಗಳನ್ನೇ ಕವಿ ಇಲ್ಲಿ ಮತ್ತೆ ಬಳಸಿದ್ದಾನೆ. ತಂದೆಯನ್ನು ಕಾಣುವ ಮೊದಲೇ ಅವನಿಗೆ, ಅವನನ್ನು ಪ್ರೀತಿಸಿದ್ದ ಕಾರ್ತೇಜಿನ ರಾಣಿ ಡೈಡೊ ಎದುರಾಗುತ್ತಾಳೆ. ಅವನು ಬಿಟ್ಟುಹೋದದ್ದಕ್ಕೆ ಪ್ರಾಣ ಕಳೆದುಕೊಂಡವಳು. ಅವನು ಅಳುತ್ತಾ ಸಮಜಾಯಿಷಿ ಕೊಡುತ್ತಾನೆ; ಅವಳು ಒಂದು ಮಾತೂ ಆಡದೆ ಮೊದಲ ಗಂಡನ ಬಳಿಗೆ ಹೊರಟುಹೋಗುತ್ತಾಳೆ.

ಇನ್ನು ಡಾಂಟೆ. 1302ರಲ್ಲಿ ಫ್ಲಾರೆನ್ಸಿನಿಂದ ಗಡಿಪಾರಾಗಿ, 1321ರಲ್ಲಿ ರಾವೆನ್ನಾದಲ್ಲಿ ಸತ್ತವನು. ಅವನ ‘ಡಿವೈನ್ ಕಾಮೆಡಿ’ಯ ಎರಡನೆಯ ಖಂಡದಲ್ಲಿ, ಪಾಪ ತೊಳೆಯುವ ಬೆಟ್ಟದ ಬುಡದಲ್ಲಿ, ಗೆಳೆಯ ಕಸೆಲ್ಲಾ ಎಂಬ ಗಾಯಕ ತಾನಾಗಿ ಅಪ್ಪಿಕೊಳ್ಳಲು ಬರುತ್ತಾನೆ. ಡಾಂಟೆ ಮೂರು ಬಾರಿ ತೋಳು ಚಾಚುತ್ತಾನೆ. ಮೂರು ಬಾರಿಯೂ ಕೈಗಳು ತನ್ನ ಎದೆಗೇ ಮರಳುತ್ತವೆ. ಆದರೆ ಇಲ್ಲಿ ಗೆಳೆಯ ನಗುತ್ತಾನೆ! ಕೇಳಿಕೊಂಡಾಗ ಡಾಂಟೆಯದೇ ಕವಿತೆಯನ್ನು ಹಾಡುತ್ತಾನೆ. ಮೈಮರೆತು ಕೇಳುವವರಲ್ಲಿ ಡಾಂಟೆಯ ಮಾರ್ಗದರ್ಶಿಯಾಗಿ ಬಂದ ವರ್ಜಿಲನೂ ಇದ್ದಾನೆ: ಈ ಮೂರು ಬಾರಿಯ ಅಪ್ಪುಗೆಯನ್ನು ಹೋಮರನಿಂದ ಪಡೆದು ಡಾಂಟೆಗೆ ದಾಟಿಸಿದ ಕವಿಯೇ ಅಲ್ಲಿ ನಿಂತು ಕೇಳುತ್ತಿದ್ದಾನೆ. ಓದಿದಾಗಲೆಲ್ಲ ನನಗೆ ರೋಮಾಂಚನವಾಗುವ ಜಾಗವಿದು.

1667ರಲ್ಲಿ ಬಂದ, ಇಂಗ್ಲಿಷ್ ಕವಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಅನ್ನು ಸದ್ಯಕ್ಕೆ ಬದಿಗಿಡಿ. ಅಲ್ಲಿನ ನರಕದಲ್ಲಿರುವವರು ದಂಗೆಯೆದ್ದ ದೇವದೂತರು, ಸತ್ತ ಮನುಷ್ಯರಲ್ಲ.

ಮೊದಲು ಹೋಮರನ ಭಾಗ, ನಂತರ ವರ್ಜಿಲನದು, ಆಮೇಲೆ ಡಾಂಟೆ ಎಂಬ ಕ್ರಮದಲ್ಲಿ ಓದಿ. ಡಾಂಟೆಯನ್ನು ನರಕದಲ್ಲೇ ನಿಲ್ಲಿಸಬೇಡಿ. ಅವನ 100 ಸರ್ಗಗಳಲ್ಲಿ ನರಕಕ್ಕೆ ಸೇರಿದವು 34 ಮಾತ್ರ. ಎರಡನೆಯ ಖಂಡದ 21ನೆಯ ಸರ್ಗದವರೆಗಾದರೂ ಹೋಗಿ. ಅಲ್ಲಿ ಸ್ಟೇಷಿಯಸ್ ಎಂಬ ಕವಿ ತನ್ನೆದುರು ಇರುವವನು ವರ್ಜಿಲ್ ಎಂದು ತಿಳಿದು ಪಾದ ಹಿಡಿಯಲು ಬಾಗುತ್ತಾನೆ. ಅವರಿಬ್ಬರೂ ನೆರಳುಗಳೇ, ಮತ್ತು ಆ ಮಾತನ್ನು ಆಡುವವನು ವರ್ಜಿಲ್.