ಮೊದಲು ನುಂಗಿದ್ದು ಯಾರು?

ಪ್ರಶ್ನೆ: ಸರ್, ಮಗಳ ಪಿಯುಸಿ ಜೀವಶಾಸ್ತ್ರ ಓದುವಾಗ ತಲೆಗೆ ಹುಳ ಹೊಕ್ಕಿದೆ. ಹಿಂದೆ ಒಂದು ಜೀವಕೋಶ ಬ್ಯಾಕ್ಟೀರಿಯಾ ಒಂದನ್ನು ನುಂಗಿತಂತೆ, ಅದು ಕರಗದೆ ಒಳಗೇ ಉಳಿದು ಮೈಟೋಕಾಂಡ್ರಿಯಾ ಆಯಿತಂತೆ. ನುಂಗೋಕೆ ಶಕ್ತಿ ಬೇಕಲ್ವಾ? ಶಕ್ತಿ ಕೊಡುವುದೇ ಮೈಟೋಕಾಂಡ್ರಿಯಾ. ಹಾಗಾದರೆ ಅದು ಬರುವ ಮೊದಲು ನುಂಗಿದ್ದು ಹೇಗೆ?
– ಓದುಗರೊಬ್ಬರು, ಕುಮಟಾ

ಉತ್ತರ: ಸರಿಯಾದ ಜಾಗದಲ್ಲೇ ಹಿಡಿದಿದ್ದೀರಿ. ವಿಜ್ಞಾನಿಗಳ ಜಗಳ ಇರುವುದೂ ಇಲ್ಲೇ.

ನಿಮ್ಮ ಅಘನಾಶಿನಿ ಅಳಿವೆಯ ಬಳಚನ್ನೇ (ಚಿಪ್ಪಿನ ಪ್ರಾಣಿ) ತಗೊಳ್ಳಿ. ಅದು ನೀರು ಸೋಸುತ್ತದೆ, ಸಿಕ್ಕ ಸಣ್ಣ ಸಣ್ಣ ಕಣಗಳನ್ನು ಹೊಟ್ಟೆಯ ಪಕ್ಕದ ಗ್ರಂಥಿಯ ಕೋಶಗಳು ಒಳಗೆಳೆದುಕೊಂಡು ಅಲ್ಲೇ ಕರಗಿಸುತ್ತವೆ. ನಮ್ಮ ಬಿಳಿ ರಕ್ತಕಣ ರೋಗಾಣುವನ್ನು ಮುಗಿಸುವುದೂ ಹೀಗೇ. ಇದಕ್ಕೆ ಕೋಶದ ಪೊರೆ ಬಾಗಬೇಕು, ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಒಳಗಿನಿಂದ ಅದನ್ನು ತಳ್ಳಿ ಕಣದ ಸುತ್ತ ಮುಚ್ಚಬೇಕು. ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಹೊರಗೆ ಗಟ್ಟಿ ಗೋಡೆ, ಬಾಗುವ ಮಾತೇ ಇಲ್ಲ.

ಹಾಗಂತ ಮೈಟೋಕಾಂಡ್ರಿಯಾ ಇಲ್ಲದಿದ್ದರೆ ಶಕ್ತಿಯೇ ಇಲ್ಲ ಅಂತಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಪೊರೆಯಲ್ಲೇ ಶಕ್ತಿ ತಯಾರಿಸಿಕೊಳ್ಳುತ್ತವೆ. 2019ರಲ್ಲಂತೂ ಪಲಾವ್ ದ್ವೀಪದ ಸಮುದ್ರದ ನೀರಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳನ್ನು ನುಂಗುವ ಬ್ಯಾಕ್ಟೀರಿಯಾವೇ ಸಿಕ್ಕಿದ ವರದಿ ಬಂತು. ಆದರೆ ಅದು ನಮ್ಮ ಪೂರ್ವಜ ಅಲ್ಲ, ನುಂಗುವ ವಿದ್ಯೆಯನ್ನು ತಾನೇ ಬೇರೆ ಕಲಿತದ್ದು.

ಆ ಮೊದಲ ಕೋಶಕ್ಕೆ, ಅಂದರೆ ನಮ್ಮ ಪೂರ್ವಜನಿಗೆ, ಹತ್ತಿರದ ನೆಂಟರು ಆಸ್ಗಾರ್ಡ್ ಆರ್ಕಿಯಾ ಎಂಬ ಗುಂಪಿನವರು. ಆರ್ಕಿಯಾ ಅಂದರೆ ನೋಡಲು ಬ್ಯಾಕ್ಟೀರಿಯಾದಂತಿದ್ದರೂ ಬೇರೆಯೇ ವಂಶದ ಏಕಕೋಶ ಜೀವಿಗಳು. ಮೊದಲ ಸುಳಿವು 2015ರಲ್ಲಿ, ಗ್ರೀನ್‌ಲ್ಯಾಂಡ್ ಮತ್ತು ನಾರ್ವೆ ನಡುವಿನ ಸಮುದ್ರದ ತಳದ ಕೆಸರಿನಲ್ಲಿ ಸಿಕ್ಕಿತು. ಅವುಗಳ ಜೀನುಗಳಲ್ಲಿ ಆಕ್ಟಿನ್ ತರಹದ್ದೂ ಇತ್ತು. ಆಮೇಲೆ ಜಪಾನಿನವರು ಅಂಥ ಒಂದು ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿಯೇ ಬಿಟ್ಟರು, ಅದಕ್ಕೆ ಹಿಡಿದದ್ದು ಸುಮಾರು 12 ವರ್ಷ! ಒಂದು ಎರಡಾಗಲು ಎರಡರಿಂದ ಮೂರು ವಾರ ಬೇಕು, ಹಾಗಿದ್ದ ಮೇಲೆ ಅವಸರ ಮಾಡಿ ಏನು ಪ್ರಯೋಜನ. 2020ರಲ್ಲಿ ಅದರ ಚಿತ್ರ ಬಂದಾಗ ಎಲ್ಲರೂ ಬೆರಗಾದರು. ಮೈಯಿಂದ ಉದ್ದುದ್ದ ಕವಲೊಡೆದ ಕೈಗಳು! ಅದು ಒಂಟಿಯಾಗಿ ಬದುಕುವುದಿಲ್ಲ, ತಾನು ಬಿಟ್ಟ ಹೈಡ್ರೋಜನ್ ತಿನ್ನುವ ನೆರೆಯವರು ಪಕ್ಕದಲ್ಲಿರಬೇಕು.

ಹಾಗಾಗಿ ಒಂದು ಊಹೆ: ಗುಳುಂ ಅಂತ ನುಂಗಿದ್ದೇ ಅಲ್ಲ, ಕೊಡು-ಕೊಳ್ಳುವ ನೆರೆಯವನನ್ನು ಕೈಗಳಿಂದ ನಿಧಾನಕ್ಕೆ ಸುತ್ತಿ ಸುತ್ತಿ ಒಳಗೆ ಸೇರಿಸಿಕೊಂಡದ್ದು. ನುಂಗುವ ವಿದ್ಯೆ ಆಮೇಲೆ ಬಂತು. ಇಲ್ಲ, ನುಂಗುವುದೇ ಮೊದಲು ಅನ್ನುವವರೂ ಇದ್ದಾರೆ. ನನಗೆ ಸುತ್ತಿಕೊಂಡ ಕಥೆಯೇ ಜಾಸ್ತಿ ಹಿಡಿಸುತ್ತದೆ.

ಅಂದ ಹಾಗೆ, ಅಡಿಕೆ ತೋಟದ ಹೊಂಡದಲ್ಲಿ ಕೊಳೆತ ಎಲೆಯ ಅಡಿಯ ನೀರು ಒಂದು ಹನಿ ಮಗಳ ಕಾಲೇಜಿಗೆ ಕಳಿಸಿ. ಮೈಕ್ರೋಸ್ಕೋಪಿನಡಿ ಅಮೀಬಾ ಸಿಕ್ಕರೆ, ನುಂಗುವುದನ್ನು ಅವಳು ಕಣ್ಣಾರೆ ನೋಡಬಹುದು.