ವೈರಸ್ ಹಾಕಿ ಎರಡು ದಿನ ಆಯ್ತು, ಪ್ರೋಟೀನ್ ಮಾತ್ರ ಹಾಗೇ ಇದೆ

ಒಂದು ಜೀನಿನ ಪ್ರೋಟೀನ್ ಇಳಿಸೋಣ ಅಂತ ಲೆಂಟಿವೈರಸ್ (ಕೋಶದೊಳಗೆ ಜೀನ್ ಸಾಗಿಸಲು ಬಳಸುವ ವೈರಸ್) ಮೂಲಕ ಶಾರ್ಟ್ ಹೇರ್‌ಪಿನ್ ಆರ್‌ಎನ್‌ಎ (ಹೇರ್‌ಪಿನ್‌ನಂತೆ ಮಡಚಿದ ಚಿಕ್ಕ ಆರ್‌ಎನ್‌ಎ) ಕಳಿಸಿ 48 ಗಂಟೆ ಆದರೂ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಎಷ್ಟಿದೆ ಅಂತ ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಪಟ್ಟಿ ಹಾಗೇ ಇದೆ, ಪ್ರಯೋಗ ಕೆಟ್ಟಿತಾ ಅಂತ ಕೇಳಿದ್ದೀರಿ. ಇಷ್ಟು ಬೇಗ ಕೈಬಿಡಬೇಡಿ.

ಇದರಲ್ಲಿ ಜೀನ್ ಎಲ್ಲೂ ಹೋಗುವುದಿಲ್ಲ. ಹೇರ್‌ಪಿನ್ ಅನ್ನು ಡೈಸರ್ ಎಂಬ ಕಿಣ್ವ ಕತ್ತರಿಸುತ್ತದೆ, ಆ ತುಂಡನ್ನು ಹಿಡಿದು ರಿಸ್ಕ್ ಎಂಬ ಪ್ರೋಟೀನ್ ಗುಂಪು ಅದಕ್ಕೆ ಹೊಂದುವ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ಬರುವ ಸಂದೇಶ) ಹುಡುಕಿ ತುಂಡು ಮಾಡುತ್ತದೆ, ಅಷ್ಟೇ. ಮೊದಲೇ ತಯಾರಾಗಿದ್ದ ಪ್ರೋಟೀನನ್ನು ಮುಟ್ಟುವುದಿಲ್ಲ. ನಮ್ಮ ಕೋಲಾರದಲ್ಲಿ ಟ್ಯಾಂಕರ್ ಬರದಿದ್ದರೂ ಸಂಪ್‌ನ ನೀರು ಎರಡು ಮೂರು ದಿನ ಬರುತ್ತದೆ ಅಲ್ವಾ, ಹಾಗೆ. ಮೊದಲು ಕ್ಯೂಪಿಸಿಆರ್‌ನಲ್ಲಿ (ಎಂಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಎಂಆರ್‌ಎನ್‌ಎ ಇಳಿದಿದೆಯಾ ನೋಡಿ. ಬ್ಲಾಟನ್ನು 96 ಗಂಟೆಗೆ ಇನ್ನೊಮ್ಮೆ ಮಾಡಿ.

ಪ್ಯೂರೋಮೈಸಿನ್ (ವೈರಸ್ ಒಳಗೆ ಹೋಗದ ಕೋಶಗಳನ್ನು ಕೊಲ್ಲಲು ಹಾಕುವ ಔಷಧಿ) ಹಾಕಿದ್ದೀರಾ? ಅದನ್ನು ಬರೆದೇ ಇಲ್ಲ. ವೈರಸ್ ಒಳಗೆ ಹೋಗದ ಕೋಶಗಳು ಜಾಸ್ತಿ ಉಳಿದಿದ್ದರೂ ಪಟ್ಟಿ ಹೀಗೇ ಕಾಣುತ್ತದೆ. ವೈರಸ್ ಹಾಕದ ಕೋಶಗಳಿಗೆ ಬೇರೆ ಬೇರೆ ಡೋಸ್ ಕೊಟ್ಟು, ಎಲ್ಲವೂ ಸಾಯುವ ಕನಿಷ್ಠ ಡೋಸ್ ಯಾವುದು ಅಂತ ಮೊದಲೇ ಹಿಡಿದಿಟ್ಟುಕೊಳ್ಳಿ.

ವೈರಸ್ ಚೆನ್ನಾಗಿದೆಯಾ ಅಂತಲೂ ನೋಡಿ. ಒಂದು ಬೇಸಿಗೆಯಲ್ಲಿ ಕರೆಂಟ್ ಹೋಗಿ ಮೈನಸ್ 80 ಫ್ರೀಜರ್‌ನಲ್ಲಿದ್ದ ನನ್ನ ವೈರಸ್ ಕರಗಿ ಮತ್ತೆ ಗಟ್ಟಿಯಾಗಿತ್ತು, ಅದು ಗೊತ್ತಿಲ್ಲದೆ ಮೂರು ವಾರ ಸುಮ್ನೆ ಜೀನ್‌ಗೆ ಬೈದೆ. ಟ್ಯೂಬ್ ತಳದಲ್ಲಿರಬೇಕಾದ ಗುಲಾಬಿ ಐಸ್ ಓರೆಯಾಗಿ ಮುಚ್ಚಳದ ಹತ್ತಿರ ಅಂಟಿಕೊಂಡಿದ್ದು ಕಂಡ ಮೇಲೇ ಅರ್ಥವಾಯಿತು.

ಒಂದೇ ಹೇರ್‌ಪಿನ್ ನಂಬಬೇಡಿ, ಕನಿಷ್ಠ ಎರಡು ಇರಲಿ, ಯಾವ ಜೀನಿಗೂ ಹೊಂದದ ಕಂಟ್ರೋಲ್ ಒಂದಿರಲಿ. ಮೂಲ ಎಚ್‌ಐವಿಯೇ ಆದರೂ ಈ ವೈರಸ್ ತಾನಾಗಿ ಮರಿ ಹಾಕುವುದಿಲ್ಲ, ಹಾಗಂತ ಗ್ಲೌಸ್ ಇಲ್ಲದೆ ಮುಟ್ಟಬೇಡಿ ಮತ್ತೆ.